ಬಾಂಬಿಯ ಕಾಡಿಗೆ ಬಂದ ಹುಡುಗ

ನಿಮ್ಮ ಊರಿನ ಮನೆಗೆ ಮೆಟ್ಟಿಲು ಎಷ್ಟು? ಬಾವಿ ಯಾವ ದಿಕ್ಕಿಗಿದೆ? ಅಕ್ಕಿ ತುಂಬಿಡುವುದು ಅಡುಗೆಮನೆಯಲ್ಲೋ ನಡುಮನೆಯಲ್ಲೋ? ನಿಮ್ಮ ಸಾಲಿನ ಮೂರನೆಯ ಮನೆ ಯಾರದು, ಅವರಿಗೆ ಮಕ್ಕಳೆಷ್ಟು? ನಿಮ್ಮ ಅಜ್ಜಿಯದು ಕಟ್ಟು ಹಾಕಿ ಚಿಕ್ಕದು ಮಾಡಿದ ಪಾದವೋ, ಹಾಗೇ ಬಿಟ್ಟ ಪಾದವೋ?

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಏಂಜೆಲ್ ಐಲೆಂಡ್ ಎಂಬ ದ್ವೀಪವಿದೆ. ಅಲ್ಲಿದ್ದ ವಲಸೆ ಠಾಣೆಯಲ್ಲಿ 1910ರಿಂದ 1940ರವರೆಗೆ, ಚೀನಾದಿಂದ ಹಡಗಿಳಿದವರನ್ನು ಕೂರಿಸಿಕೊಂಡು ಇಂಥ ಪ್ರಶ್ನೆಗಳನ್ನು ಕೇಳುತ್ತಿದ್ದರು. ಎದುರಿಗೆ ಅಧಿಕಾರಿ, ಪಕ್ಕದಲ್ಲಿ ದುಭಾಷಿ, ಜೊತೆಗೆ ಆಡಿದ ಮಾತನ್ನೆಲ್ಲ ಬರೆದುಕೊಳ್ಳುವ ಶೀಘ್ರಲಿಪಿಕಾರ. ಅಪ್ಪನನ್ನು ಬೇರೆ, ಮಗನನ್ನು ಬೇರೆ ಕೇಳಿ ತಾಳೆ ನೋಡುವುದು. ಅಪ್ಪ ಐದು ಮೆಟ್ಟಿಲು ಅಂದು ಮಗ ಆರು ಅಂದರೆ ಸಂಶಯ ಹುಟ್ಟಿತು ಎಂದೇ ಲೆಕ್ಕ. ಸಂಶಯ ಬಲವಾದರೆ ಬಂದ ದಾರಿಗೆ ಸುಂಕವಿಲ್ಲ, ವಾಪಸ್ ಹಡಗು ಹತ್ತಬೇಕು.

1921ರ ಜನವರಿ ಕೊನೆಯಲ್ಲಿ ಆ ಮೇಜಿನ ಮುಂದೆ ಹತ್ತು ವರ್ಷದ ಒಬ್ಬ ಹುಡುಗ ಕೂತಿದ್ದ. ಇಪ್ಪತ್ತು ವರ್ಷದ ನಂತರ ವಾಲ್ಟ್ ಡಿಸ್ನಿಯ 'ಬಾಂಬಿ' ಚಿತ್ರಕ್ಕೆ ಕಾಡು ಕೊಟ್ಟವನು ಅವನೇ. ಅವನ ಹೆಸರು ಟೈರಸ್ ವಾಂಗ್. ಇವತ್ತಿನ ನನ್ನ ಮಾತು ಅವನ ಬಗ್ಗೆ. ಚಿತ್ರಕಾರನ ಬಗ್ಗೆ ರೇಡಿಯೋದಲ್ಲಿ ಮಾತಾಡುವುದು ಸ್ವಲ್ಪ ತಮಾಷೆಯ ಕೆಲಸವೇ, ಇರಲಿ. ಚಿತ್ರವನ್ನು ನೀವು ಆಮೇಲೆ ನೋಡಿಕೊಳ್ಳಬಹುದು.

ಅಷ್ಟೊಂದು ವಿಚಾರಣೆ ಯಾಕೆ ಎಂದು ಕೇಳಬಹುದು. 1882ರಲ್ಲಿ ಅಮೆರಿಕ ಒಂದು ಕಾಯ್ದೆ ಮಾಡಿತು. ಚೀನೀ ಕೂಲಿಗಾರರು ದೇಶದೊಳಕ್ಕೆ ಬರುವ ಹಾಗಿಲ್ಲ, ಬಂದಿರುವ ಚೀನೀಯರು ಪೌರರಾಗುವ ಹಾಗಿಲ್ಲ. ರೈಲುಹಾದಿ ಹಾಕಿಸಿಕೊಳ್ಳುವ ತನಕ ಬೇಕಾಗಿದ್ದ ಜನ ಆಮೇಲೆ ಬೇಡವಾದರು. ವರ್ತಕರು, ವಿದ್ಯಾರ್ಥಿಗಳು, ಅಧ್ಯಾಪಕರು ಇಂಥ ಕೆಲವರಿಗೆ ಮಾತ್ರ ವಿನಾಯಿತಿ. ಅಮೆರಿಕದಲ್ಲೇ ಹುಟ್ಟಿದವರಿಗೆ, ಅವರ ಮಕ್ಕಳಿಗೆ ಹಕ್ಕಿತ್ತು. ಹೀಗಿರುವಾಗ 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭೂಕಂಪವಾಗಿ, ಅದರ ಹಿಂದೆಯೇ ಬೆಂಕಿ ಬಿದ್ದು, ನಗರದ ಜನನ ದಾಖಲೆಗಳೆಲ್ಲ ಸುಟ್ಟುಹೋದವು. ನಾನು ಇಲ್ಲೇ ಹುಟ್ಟಿದವನು, ನನಗೆ ಊರಲ್ಲಿ ಇಂತಿಷ್ಟು ಗಂಡುಮಕ್ಕಳಿದ್ದಾರೆ ಎಂದು ಯಾರಾದರೂ ಬರೆಸಿದರೆ ಸುಳ್ಳೆಂದು ತೋರಿಸಲು ಕಾಗದವೇ ಇಲ್ಲ. ಇಲ್ಲದ ಮಗನ ಹೆಸರಿನ ಕಾಗದ ಇನ್ನೊಬ್ಬರ ಮಗನಿಗೆ ಮಾರಾಟವಾಗುತ್ತಿತ್ತು. ಹಾಗೆ ಬಂದವರನ್ನು ಕಾಗದದ ಮಕ್ಕಳು ಎಂದೇ ಕರೆಯುತ್ತಿದ್ದರು. ಕೊಂಡ ಕಾಗದದ ಜೊತೆಗೆ ಉತ್ತರಗಳ ಪುಸ್ತಕವೂ ಬರುತ್ತಿತ್ತು. ಹಡಗಿನಲ್ಲಿ ಅದನ್ನು ಬಾಯಿಪಾಠ ಮಾಡಿ, ದಡ ಕಾಣುವ ಮೊದಲು ಸಮುದ್ರಕ್ಕೆ ಎಸೆಯುವುದು ರೂಢಿ.

ನಮ್ಮ ಹುಡುಗನೂ ಬೇರೊಂದು ಹೆಸರಿನಲ್ಲೇ ಬಂದವನು. ಹುಟ್ಟಿದ್ದು 1910ರ ಅಕ್ಟೋಬರ್ 25ರಂದು, ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ತಾಯ್‌ಶಾನ್ ಸೀಮೆಯ ಒಂದು ಹಳ್ಳಿಯಲ್ಲಿ. ಆ ಕಾಲಕ್ಕೆ ಅಮೆರಿಕಕ್ಕೆ ಹೋದ ಚೀನೀಯರಲ್ಲಿ ಬಹಳ ಮಂದಿ ಆ ಸೀಮೆಯವರೇ. ತಂದೆತಾಯಿ ಇಟ್ಟ ಹೆಸರು ವಾಂಗ್ ಗೆನ್ ಯೋ, ಕಾಗದದಲ್ಲಿದ್ದ ಹೆಸರು ಲುಕ್ ತಾಯ್ ಯೌ. ಜೊತೆಗೆ ಬಂದ ಅಪ್ಪ ಮೊದಲೇ ಅಮೆರಿಕದಲ್ಲಿ ಇದ್ದು ಬಂದವನಾದ್ದರಿಂದ ಅವನನ್ನು ಬೇಗ ಬಿಟ್ಟರು. ಮಗ ಮಾತ್ರ ಸುಮಾರು ಒಂದು ತಿಂಗಳು ಆ ದ್ವೀಪದಲ್ಲಿ ಒಬ್ಬನೇ ಉಳಿದ. ಸುತ್ತಮುತ್ತ ಎಲ್ಲ ದೊಡ್ಡವರು, ಮಾತು ತಿಳಿಯದ ಕಾವಲುಗಾರರು. ಅಲ್ಲಿದ್ದವರು ಮರದ ಗೋಡೆಗಳ ಮೇಲೆ ಪದ್ಯ ಕೆತ್ತುತ್ತಿದ್ದರು, ಇನ್ನೂರಕ್ಕೂ ಹೆಚ್ಚು ಪದ್ಯಗಳು ಉಳಿದಿವೆ, ಅವುಗಳಲ್ಲಿ ಹಲವು ಈಗ ಪುಸ್ತಕವಾಗಿವೆ. ಆ ಹುಡುಗನಿಗೆ ಪದ್ಯ ಎಲ್ಲಿಂದ ಬರಬೇಕು, ಅಳು ಬರುತ್ತಿತ್ತು. ಊರಲ್ಲಿ ಅಮ್ಮ ಮತ್ತು ಸೋದರಿ ಇದ್ದರು. ಅವರನ್ನು ಅವನು ಮತ್ತೆ ನೋಡಲೇ ಇಲ್ಲ.

ಬಿಡುಗಡೆಯಾದ ಮೇಲೆ ಅಪ್ಪ ಮಗ ಸ್ಯಾಕ್ರಮೆಂಟೋಗೆ ಹೋದರು. ಶಾಲೆಯಲ್ಲಿ ಮೇಷ್ಟರಿಗೆ ತಾಯ್ ಯೌ ಎನ್ನಲು ನಾಲಿಗೆ ಹೊರಳಲಿಲ್ಲವೋ ಏನೋ, ಅವನು ಟೈರಸ್ ಆದ. ಅಪ್ಪ ಕೆಲಸ ಹುಡುಕಿಕೊಂಡು ಲಾಸ್ ಏಂಜಲೀಸ್‌ಗೆ ಹೋದಾಗ ಹುಡುಗ ಕೆಲವು ಕಾಲ ಒಬ್ಬನೇ ಇದ್ದು, ಆಮೇಲೆ ಅಲ್ಲಿಗೆ ಹೋಗಿ ಸೇರಿಕೊಂಡ. ವಾಸ ಚೈನಾಟೌನಿನ ಒಂದು ಬಾಡಿಗೆ ಕೋಣೆ. ಒಂದು ಪಕ್ಕಕ್ಕೆ ಕಸಾಯಿ ಅಂಗಡಿ, ಇನ್ನೊಂದು ಪಕ್ಕಕ್ಕೆ ಸೂಳೆಮನೆ. ಒಳಗೆ ಇಲಿ, ತಿಗಣೆ.

ಆ ಕೋಣೆಯಲ್ಲಿ ರಾತ್ರಿ ನಡೆಯುತ್ತಿದ್ದ ಒಂದು ಕೆಲಸವನ್ನು ವಿವರವಾಗಿ ಹೇಳಬೇಕು. ಅಪ್ಪ ದೊಡ್ಡ ವಿದ್ವಾಂಸನೇನಲ್ಲ. ಆದರೆ ಮಗನಿಗೆ ಕುಂಚ ಹಿಡಿದು ಅಕ್ಷರ ಬರೆಯುವುದು ಬರಲೇಬೇಕೆಂಬ ಹಟ ಅವನಿಗೆ. ಮಸಿಗೆ ಕಾಸಿಲ್ಲ, ಬರೆಯುವ ಕಾಗದಕ್ಕೂ ಇಲ್ಲ. ಹಳೆಯ ಪತ್ರಿಕೆ ಹಾಸಿ, ಒಂದು ಬಟ್ಟಲಿನಲ್ಲಿ ನೀರಿಟ್ಟು, ಕುಂಚವನ್ನು ನೀರಿನಲ್ಲಿ ಅದ್ದಿ ಬರೆಸುತ್ತಿದ್ದ. ಪತ್ರಿಕೆಯ ಒಣ ಕಾಗದದ ಮೇಲೆ ನೀರಿನ ಗೆರೆ ಬೂದುಬಣ್ಣಕ್ಕೆ ತಿರುಗಿ ಸ್ವಲ್ಪ ಹೊತ್ತು ಕಾಣುತ್ತದೆ, ಆಮೇಲೆ ಆರಿ ಹೋಗುತ್ತದೆ. ಬೇಕಾದರೆ ನೀವೂ ಮಾಡಿ ನೋಡಿ. ಚೀನೀ ಅಕ್ಷರ ಬರೆಯುವಾಗ ಗೆರೆಯನ್ನು ತಿದ್ದುವ ಹಾಗಿಲ್ಲ. ಕುಂಚ ಇಟ್ಟ ಕಡೆ ದಪ್ಪ, ಎಳೆದ ಕಡೆ ತೆಳು, ಎತ್ತಿದ ಕಡೆ ಚೂಪು, ಎಲ್ಲ ಒಂದೇ ಉಸಿರಿಗೆ ಆಗಬೇಕು. ಬರೆದದ್ದು ಉಳಿಯುವುದಿಲ್ಲವಾದ್ದರಿಂದ ಅಪ್ಪನಿಗೆ ತೋರಿಸಲಿಕ್ಕೂ ಸಮಯ ಬಹಳ ಇಲ್ಲ. ಕಡಿಮೆ ಗೆರೆಯಲ್ಲಿ ಹೇಳಿ ಮುಗಿಸುವ ಕೈ ಅವನಿಗೆ ಬಂದದ್ದು ಈ ಬಡತನದ ಪಾಠದಿಂದ ಎಂದೇ ನಾನು ತಿಳಿದಿದ್ದೇನೆ. ಬಡತನವನ್ನು ಹೊಗಳುವ ಉದ್ದೇಶ ನನಗಿಲ್ಲ. ಆ ಅಪ್ಪನ ಹತ್ತಿರ ದುಡ್ಡಿದ್ದರೆ ಮಸಿಯನ್ನೇ ಕೊಡಿಸುತ್ತಿದ್ದ, ಅದರಲ್ಲಿ ಅನುಮಾನ ಬೇಡ.

ಓದಿನಲ್ಲಿ ಹುಡುಗ ಅಷ್ಟಕ್ಕಷ್ಟೆ. ಪ್ಯಾಸಡೀನಾದ ಶಾಲೆಯಲ್ಲಿದ್ದಾಗ ಅವನ ಚಿತ್ರಗಳನ್ನು ನೋಡಿದ ಒಬ್ಬ ಶಿಕ್ಷಕರು ಓಟಿಸ್ ಕಲಾಶಾಲೆಯಲ್ಲಿ ಬೇಸಿಗೆಯ ತರಗತಿಗೆ ವಿದ್ಯಾರ್ಥಿವೇತನ ಕೊಡಿಸಿದರು. ಬೇಸಿಗೆ ಮುಗಿಯಿತು, ಹುಡುಗ ಶಾಲೆಗೆ ಮರಳಲು ಒಪ್ಪಲಿಲ್ಲ, ಓಟಿಸ್‌ನಲ್ಲೇ ಇರುತ್ತೇನೆ ಅಂದ. ಅಲ್ಲಿನ ಶುಲ್ಕ 90 ಡಾಲರು. ಅಪ್ಪ ಹೇಗೋ ಹೊಂದಿಸಿದ. ಆ 90 ಡಾಲರು ಈ ಕಥೆಯ ಅತಿ ದೊಡ್ಡ ಮೊತ್ತ ಎಂದು ನನಗೆ ಅನ್ನಿಸುತ್ತದೆ. ಮಗ ಓದಿ ಗುಮಾಸ್ತನಾಗಲಿ, ಅಂಗಡಿ ಇಡಲಿ ಎನ್ನದೆ, ಚಿತ್ರ ಬರೆಯಲಿಕ್ಕೆ ದುಡ್ಡು ಹೊಂದಿಸುವ ಅಪ್ಪಂದಿರು ಯಾವ ದೇಶದಲ್ಲೂ ಹೆಚ್ಚಿಲ್ಲ. ಆಮೇಲೆ ಕಲಾಶಾಲೆಯೇ ವಿದ್ಯಾರ್ಥಿವೇತನ ಕೊಟ್ಟಿತು, ಅದರ ಜೊತೆಗೆ ಅಲ್ಲೇ ಕಸಗುಡಿಸುವ ಕೆಲಸವನ್ನೂ ಅವನು ಮಾಡಿದ. ತರಗತಿಯಲ್ಲಿ ಕಲಿತದ್ದು ಪಶ್ಚಿಮದ ಕಲೆ, ಅಂದರೆ ದೇಹದ ಅಳತೆ, ನೆರಳು, ಎಣ್ಣೆಬಣ್ಣ. ಬಿಡುವು ಸಿಕ್ಕಾಗ ನಗರದ ಗ್ರಂಥಾಲಯಕ್ಕೆ ಹೋಗಿ ತನ್ನ ಊರಿನ ಕಲೆ ನೋಡುತ್ತಿದ್ದ. ಅವನ ಮನಸ್ಸು ನಿಂತದ್ದು ಸೊಂಗ್ ರಾಜರ ಕಾಲದ, ಸಾವಿರ ವರ್ಷ ಹಳೆಯ ಪ್ರಕೃತಿಚಿತ್ರಗಳಲ್ಲಿ. ಅವುಗಳಲ್ಲಿ ಬೆಟ್ಟದ ಅರ್ಧ ಮಂಜಿನಲ್ಲಿರುತ್ತದೆ. ಮಂಜು ಎಂದರೆ ಅಲ್ಲಿ ಏನೂ ಬರೆಯದೆ ಬಿಟ್ಟ ರೇಷ್ಮೆ. ಮೂಲೆಯಲ್ಲೆಲ್ಲೋ ಬೆರಳುಗುರಿನಷ್ಟು ಒಬ್ಬ ಮನುಷ್ಯ, ಆದರೆ ಕಣ್ಣು ಹೋಗುವುದು ಅವನ ಕಡೆಗೇ.

ಓಟಿಸ್‌ನಿಂದ ಹೊರಬಂದದ್ದು ಮಹಾ ಆರ್ಥಿಕ ಕುಸಿತದ ನಡುವೆ. ಸರ್ಕಾರ ನಿರುದ್ಯೋಗಿ ಕಲಾವಿದರಿಗೆ ನಡೆಸುತ್ತಿದ್ದ ಯೋಜನೆಯಲ್ಲಿ ವಾಂಗ್ ಅವರು ಚಿತ್ರ ಬರೆದುಕೊಟ್ಟರು. ಬೆಂಜಿ ಒಕುಬೊ, ಹಿಡಿಯೊ ಡಾಟೆ ಎಂಬ ಜಪಾನೀ ಮೂಲದ ಗೆಳೆಯರ ಜೊತೆ ಸೇರಿ ಪ್ರದರ್ಶನ ಏರ್ಪಡಿಸಿದರು. ಚೈನಾಟೌನಿನಲ್ಲಿ ಡ್ರ್ಯಾಗನ್ಸ್ ಡೆನ್ ಎಂಬ ನೆಲಮಾಳಿಗೆಯ ಹೋಟೆಲು ಇತ್ತು, ಸಿನಿಮಾದವರೆಲ್ಲ ಬರುವ ಜಾಗ. ಅಲ್ಲಿ ಗೋಡೆಗೆ ಚಿತ್ರ ಬರೆದವರೂ ಇವರೇ, ತಿಂಡಿಪಟ್ಟಿ ಬರೆದವರೂ ಇವರೇ, ಊಟ ಬಡಿಸಿದವರೂ ಇವರೇ. ರೂತ್ ಕಿಮ್ ಅವರ ಪರಿಚಯವಾದದ್ದೂ ಅಲ್ಲಿಯೇ. 1937ರಲ್ಲಿ ಮದುವೆ, ಮರುವರ್ಷ ಮಗಳು. ಇನ್ನು ತಿಂಗಳ ಸಂಬಳದ ಕೆಲಸ ಬೇಕಾಯಿತು. ಕಲಾತಪಸ್ಸು, ಬಾಲ್ಯದ ಕನಸು, ಅದೇನೂ ಇಲ್ಲಿಲ್ಲ. 1938ರಲ್ಲಿ ಟೈರಸ್ ವಾಂಗ್ ಆನಿಮೇಷನ್‌ಗೆ ಬಂದದ್ದು ಮನೆಗೆ ಹಾಲು ತರುವುದಕ್ಕೆ.

ಡಿಸ್ನಿ ಸ್ಟುಡಿಯೋದಲ್ಲಿ ಅವರಿಗೆ ಕೊಟ್ಟದ್ದು ಇನ್‌ಬಿಟ್ವೀನರ್ ಎಂಬ ಕೆಲಸ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಒಂದು ಪಾತ್ರ ಕುರ್ಚಿಯಿಂದ ಏಳಬೇಕೆನ್ನಿ. ಮುಖ್ಯ ಆನಿಮೇಟರ್ ಕೂತಿರುವ ಭಂಗಿ, ಅರ್ಧ ಎದ್ದ ಭಂಗಿ, ನಿಂತ ಭಂಗಿ ಇಷ್ಟನ್ನು ಬರೆದು ಕೊಡುತ್ತಾನೆ. ನಡುವಿನದನ್ನೆಲ್ಲ ತುಂಬುವವನು ಇನ್‌ಬಿಟ್ವೀನರ್. ಮನೆಯ ಯಜಮಾನಿ ಚುಕ್ಕಿ ಇಟ್ಟು ಎದ್ದುಹೋದ ರಂಗೋಲಿಗೆ ಎಳೆ ಕೂಡಿಸುವ ಹಾಗೆ. ಓರೆಯಾದ ಮೇಜು, ಅದರ ನಡುವೆ ಗಾಜು, ಗಾಜಿನ ಕೆಳಗೆ ಬಲ್ಬು. ಕಾಗದದ ಅಂಚಿನಲ್ಲಿ ತೂತುಗಳಿರುತ್ತವೆ, ಅವನ್ನು ಮೇಜಿನ ಗೂಟಗಳಿಗೆ ಸಿಕ್ಕಿಸಿದರೆ ಹಾಳೆಗಳು ಕೂದಲೆಳೆಯಷ್ಟೂ ಅಲುಗುವುದಿಲ್ಲ. ಕೆಳಗಿನ ಎರಡು ಚಿತ್ರಗಳು ಬೆಳಕಿನಲ್ಲಿ ಮೇಲಕ್ಕೆ ಕಾಣುತ್ತವೆ, ಅವೆರಡರ ಸರಿಯಾದ ನಡುವೆ ಮೂರನೆಯದನ್ನು ಎಳೆಯಬೇಕು. ಎಡಗೈ ಬೆರಳುಗಳ ಸಂದಿಯಲ್ಲಿ ಹಾಳೆಗಳನ್ನು ಸಿಕ್ಕಿಸಿಕೊಂಡು ಪಟಪಟನೆ ತಿರುವಿ, ಕೈ ಏಳುವಾಗ ನಡುಗುತ್ತಿದೆಯೇ ಎಂದು ನೋಡಬೇಕು. ನಡುಗಿದರೆ ಮತ್ತೆ ಮೊದಲಿನಿಂದ. ಸಂಜೆಯ ಹೊತ್ತಿಗೆ ಕಣ್ಣುಗುಡ್ಡೆ ಕಿತ್ತುಬರುವ ಹಾಗಾಗುತ್ತಿತ್ತು ಎಂದು ವಾಂಗ್ ಆಮೇಲೆ ಹೇಳಿಕೊಂಡಿದ್ದಾರೆ. ಸ್ಟುಡಿಯೋದಲ್ಲಿ ಅವರನ್ನು ಕ್ಯಾಂಟೀನಿನ ಆಳು ಎಂದು ತಿಳಿದವರೂ ಇದ್ದರು, ಜಾತಿ ಎತ್ತಿ ಆಡಿದವರೂ ಇದ್ದರು.

ಅದೇ ಹೊತ್ತಿಗೆ ಸ್ಟುಡಿಯೋದಲ್ಲಿ 'ಬಾಂಬಿ' ತಯಾರಿ ನಡೆದಿತ್ತು. ಅದು ಒಂದು ಜಿಂಕೆಮರಿಯ ಕಥೆ. ಮೂಲ ಕಾದಂಬರಿ ವಿಯೆನ್ನಾದ ಫೆಲಿಕ್ಸ್ ಸಾಲ್ಟೆನ್ 1923ರಲ್ಲಿ ಪ್ರಕಟಿಸಿದ್ದು. ಆತ ಯೆಹೂದಿ. ನಾಜಿಗಳು ಅವನ ಪುಸ್ತಕವನ್ನು ನಿಷೇಧಿಸಿದರು, ಕೊನೆಗೆ ಅವನೂ ದೇಶ ಬಿಟ್ಟು ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡ. ಡಿಸ್ನಿಗೆ ಈ ಚಿತ್ರ ನಿಜದ ಕಾಡಿನ ಹಾಗೆ ಇರಬೇಕೆಂಬ ಆಸೆ. ಮೇನ್ ರಾಜ್ಯದ ಕಾಡಿಗೆ ಕಲಾವಿದನನ್ನು ಕಳಿಸಿ ರಾಶಿ ಫೋಟೋ ತರಿಸಿದರು. ಎರಡು ಜಿಂಕೆಮರಿಗಳನ್ನೇ ಸ್ಟುಡಿಯೋಗೆ ತಂದು ಸಾಕಿದರು. ಜಿಂಕೆಯ ಮೂಳೆ, ಸ್ನಾಯು ಹೇಗಿರುತ್ತದೆಂದು ಪಾಠ ಹೇಳಲು ನೇಪಲ್ಸ್‌ನಲ್ಲಿ ಹುಟ್ಟಿದ ರಿಕೊ ಲೆಬ್ರುನ್ ಎಂಬ ಚಿತ್ರಕಾರರನ್ನು ಕರೆಸಿದರು. ಜಿಂಕೆಗಳು ಚೆನ್ನಾಗಿ ಬಂದವು. ತೊಂದರೆ ಬಂದದ್ದು ಕಾಡಿನಿಂದ. ಮೊದಮೊದಲ ಚಿತ್ರಗಳಲ್ಲಿ ಪ್ರತಿ ಎಲೆ, ಪ್ರತಿ ಕಡ್ಡಿ, ತೊಗಟೆಯ ಪ್ರತಿ ಬಿರುಕು ಬರೆದಿದ್ದರು. ಅದರ ಮುಂದೆ ಜಿಂಕೆಯನ್ನು ನಿಲ್ಲಿಸಿದರೆ ಜಿಂಕೆ ಎಲ್ಲಿದೆ ಎಂದು ಹುಡುಕಬೇಕು.

ಬಾಂಬಿ ಬರುತ್ತದೆಂದು ಕಿವಿಗೆ ಬಿದ್ದ ಕೂಡಲೆ ವಾಂಗ್ ಕಾದಂಬರಿ ತಂದು ಓದಿದರು. ಯಾರೂ ಹೇಳಿರಲಿಲ್ಲ. ಹಗಲೆಲ್ಲ ಗೆರೆ ತುಂಬಿಸಿ ಮನೆಗೆ ಬಂದು, ಕಥೆಯ ಸನ್ನಿವೇಶಗಳನ್ನು ಜಲವರ್ಣದಲ್ಲಿ, ಪ್ಯಾಸ್ಟೆಲ್‌ನಲ್ಲಿ ಸಣ್ಣಸಣ್ಣ ಚಿತ್ರಗಳಾಗಿ ಬರೆದು, ಕಲಾನಿರ್ದೇಶಕ ಟಾಮ್ ಕಾಡ್ರಿಕ್ ಅವರ ಮುಂದಿಟ್ಟರು. ನಿಮ್ಮನ್ನು ತಪ್ಪು ವಿಭಾಗದಲ್ಲಿ ಕೂರಿಸಿದ್ದೇವೆ ಎಂದು ಅವರಿಗೆ ಅನ್ನಿಸಿತಂತೆ. ಚಿತ್ರಗಳು ಡಿಸ್ನಿಯ ಕೈಗೆ ಹೋದವು. ಅಲ್ಲಿಂದ ಮುಂದೆ ಬಾಂಬಿಯ ಕಾಡು ಹೇಗಿರಬೇಕೆಂಬುದನ್ನು ಆ ಚಿತ್ರಗಳೇ ನಿರ್ಧರಿಸಿದವು. ಉಳಿದ ಹಿನ್ನೆಲೆ ಚಿತ್ರಕಾರರೆಲ್ಲ ಆ ಕೈಯನ್ನು ಅಭ್ಯಾಸ ಮಾಡಿಕೊಳ್ಳಬೇಕಾಯಿತು.

ಅಂಥದ್ದೇನು ಅವುಗಳಲ್ಲಿ? ಒಂದು ಚಿತ್ರದ ಮಾದರಿ ಹೇಳುತ್ತೇನೆ. ಹಾಳೆಯ ಬಹುಪಾಲು ಬರಿಯ ಹಸಿರುಬೂದು ಬಣ್ಣದ ತೆಳು ಲೇಪ. ಅದರೊಳಗಿಂದ ನಾಲ್ಕಾರು ಕಾಂಡಗಳು ಮೇಲಕ್ಕೆ ಹೋಗಿವೆ. ಬುಡವೂ ಕಾಣುವುದಿಲ್ಲ, ತುದಿಯೂ ಕಾಣುವುದಿಲ್ಲ. ನಡುವೆ ಎಲ್ಲೋ ಸ್ವಲ್ಪ ಬೆಳಕು ಬಿದ್ದಿದೆ, ಅಲ್ಲಿ ಮಾತ್ರ ಹತ್ತಿಪ್ಪತ್ತು ಹುಲ್ಲಿನ ಎಸಳು, ಒಂದೆರಡು ಎಲೆ ಸ್ಪಷ್ಟ. ಆ ಬೆಳಕಿನಲ್ಲಿ ಒಂದು ಪುಟ್ಟ ಜಿಂಕೆ. ಕಾಡು ದಟ್ಟ ಎಂದು ನಮಗೆ ಗೊತ್ತಾಗುತ್ತದೆ, ಎಲೆಗಳನ್ನು ಮಾತ್ರ ಅವರು ಬರೆದಿಲ್ಲ. ಬಾಂಬಿ ಶುರುವಾಗುವಾಗ ಬೆಳಗಾಗುವ ಮುಂಚಿನ ಕಾಡಿನಲ್ಲಿ ಕ್ಯಾಮೆರಾ ನಿಧಾನವಾಗಿ ಸಾಗುತ್ತದೆ. ಬೇರೆಬೇರೆ ಗಾಜಿನ ಮೇಲೆ ಮುಂದಿನ ಮರ, ಹಿಂದಿನ ಮರ, ದೂರದ ಮರ ಬರೆದು, ಒಂದರ ಕೆಳಗೊಂದು ಅಂತರ ಬಿಟ್ಟು ಇಟ್ಟು, ಮೇಲಿನಿಂದ ಚಿತ್ರೀಕರಿಸುವ ಯಂತ್ರ ಡಿಸ್ನಿಯಲ್ಲಿತ್ತು. ಆ ಆಳ ಯಂತ್ರದ್ದು. ಆ ಮಂಜು ವಾಂಗ್ ಅವರದು. ಗಂಡುಜಿಂಕೆಗಳು ಕಾದಾಡುವ ಕಡೆ ಕಾಡೂ ಮಾಯವಾಗಿ ಬರಿಯ ಬಣ್ಣ ಉಳಿಯುತ್ತದೆ, ಅದನ್ನೂ ಗಮನಿಸಿ.

ಏಂಜೆಲ್ ಐಲೆಂಡಿನ ಅಧಿಕಾರಿಗೆ ವಿವರವೇ ಸತ್ಯದ ಪುರಾವೆಯಾಗಿತ್ತು. ಮೆಟ್ಟಿಲ ಲೆಕ್ಕ ಸರಿ ಹೇಳಿದವನು ನಿಜವಾದ ಮಗ. ಸುಳ್ಳು ಕಾಗದದವನೂ ಆ ಲೆಕ್ಕವನ್ನು ಬಾಯಿಪಾಠ ಮಾಡಬಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಆದರೂ ಕೇಳುತ್ತಲೇ ಇದ್ದರು. ಡಿಸ್ನಿಯ ಮೊದಲ ಚಿತ್ರಕಾರರದೂ ಅದೇ ನಂಬಿಕೆ, ಎಲೆಗಳ ಲೆಕ್ಕ ಸರಿಯಾದರೆ ಕಾಡು ನಿಜವಾಗುತ್ತದೆ ಎಂದು. ವಾಂಗ್ ಈ ಎರಡನ್ನೂ ಜೋಡಿಸಿ ಎಲ್ಲೂ ಹೇಳಿಲ್ಲ, ಜೋಡಿಸುತ್ತಿರುವವನು ನಾನು. ಕಾಡಿನೊಳಗೆ ನಿಂತ ಅನುಭವಕ್ಕೆ ಎಲೆ ಎಣಿಸಬೇಕಾಗಿಲ್ಲ ಎನ್ನುವುದು ಮಾತ್ರ ಆ ಮನುಷ್ಯನಿಗೆ ಕೈಯಲ್ಲೇ ಗೊತ್ತಿತ್ತು.

ಇಲ್ಲಿಗೆ ಕಥೆ ನಿಲ್ಲಿಸಿದರೆ ಬಹಳ ಸಿಹಿಯಾಗುತ್ತದೆ. ಬಡ ಹುಡುಗನ ಪ್ರತಿಭೆಯನ್ನು ದೊಡ್ಡ ಸ್ಟುಡಿಯೋ ಗುರುತಿಸಿತು, ಶುಭಂ. ನಡೆದದ್ದು ಬೇರೆ. 1941ರ ಮೇ 29ರಂದು ಡಿಸ್ನಿಯ ಕಲಾವಿದರು ಸಂಬಳ ಮತ್ತು ಸಂಘದ ವಿಷಯಕ್ಕೆ ಮುಷ್ಕರ ಹೂಡಿದರು. ವಾಂಗ್ ಮುಷ್ಕರಕ್ಕೆ ಸೇರಲಿಲ್ಲ. ಮುಷ್ಕರ ಮುಗಿದ ಮೇಲಿನ ಗಲಾಟೆಯಲ್ಲಿ ಕೆಲಸ ಹೋದದ್ದು ಅವರದೇ. ಆಗಿನ್ನೂ ಚಿತ್ರ ಹೊರಬಂದಿರಲಿಲ್ಲ. 1942ರ ಆಗಸ್ಟಿನಲ್ಲಿ ಬಾಂಬಿ ತೆರೆಕಂಡಾಗ, ಎಪ್ಪತ್ತು ನಿಮಿಷದ, ಅಂದರೆ ಒಂದು ಲಕ್ಷಕ್ಕೂ ಮಿಕ್ಕಿದ ಚೌಕಟ್ಟುಗಳ ಆ ಚಿತ್ರದಲ್ಲಿ ಅವರ ಹೆಸರು ಹಿನ್ನೆಲೆ ಬರೆದ ಹಲವರಲ್ಲಿ ಒಂದಾಗಿ ಬಂದುಹೋಯಿತು. ಅದೇ ವರ್ಷ, ಜಪಾನೀ ಮೂಲದವರೆಂಬ ಕಾರಣಕ್ಕೆ ಅವರ ಗೆಳೆಯರಾದ ಒಕುಬೊ ಮತ್ತು ಡಾಟೆ ಇಬ್ಬರನ್ನೂ ಸರ್ಕಾರ ಶಿಬಿರದಲ್ಲಿ ಕೂಡಿಹಾಕಿತು. ವಯೋಮಿಂಗ್‌ನ ಹಾರ್ಟ್ ಮೌಂಟನ್ ಎಂಬಲ್ಲಿ ಅವರು ತಂತಿಬೇಲಿಯ ಒಳಗೇ ಚಿತ್ರಕಲೆ ಕಲಿಸಿದರು. ಚೀನೀಯರ ಮೇಲಿನ ನಿಷೇಧ ರದ್ದಾದದ್ದು 1943ರಲ್ಲಿ, ಚೀನಾ ಯುದ್ಧದಲ್ಲಿ ಮಿತ್ರದೇಶವಾದ ಮೇಲೆ. ವಾಂಗ್ ಅಮೆರಿಕದ ಪೌರರಾದದ್ದು 1946ರಲ್ಲಿ. ಅಂದರೆ ಬಾಂಬಿ ಬರೆಯುವಾಗ ಅವರು ಆ ದೇಶದ ಪೌರರಾಗಿರಲಿಲ್ಲ, ಆಗಬೇಕೆಂದರೂ ಆಗುವ ಹಾಗಿರಲಿಲ್ಲ.

ಮುಂದಿನ ಇಪ್ಪತ್ತಾರು ವರ್ಷ ವಾರ್ನರ್ ಬ್ರದರ್ಸ್‌ನಲ್ಲಿ. ಚಿತ್ರಕಥೆ ಓದಿ, ಪ್ರತಿ ಮುಖ್ಯ ದೃಶ್ಯ ತೆರೆಯ ಮೇಲೆ ಹೇಗೆ ಕಾಣಬೇಕು, ಬೆಳಕು ಎಲ್ಲಿಂದ, ಕ್ಯಾಮೆರಾ ಎಲ್ಲಿಂದ ಎಂದು ಬರೆದುಕೊಡುವ ಕೆಲಸ. 'ರೆಬೆಲ್ ವಿದೌಟ್ ಎ ಕಾಸ್', 'ರಿಯೊ ಬ್ರಾವೊ', 'ದಿ ವೈಲ್ಡ್ ಬಂಚ್' ಚಿತ್ರಗಳಿಗೆ ಹಾಗೆ ದುಡಿದರು. ಜೊತೆಗೆ ಕ್ರಿಸ್ಮಸ್ ಶುಭಾಶಯ ಪತ್ರ, ಪಿಂಗಾಣಿ ತಟ್ಟೆ. ಒಂದು ಶುಭಾಶಯ ಪತ್ರ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. 1968ರಲ್ಲಿ ನಿವೃತ್ತಿ. ಆಮೇಲೆ ಬಿದಿರು, ಬೆತ್ತ ಸೀಳಿ ಗಾಳಿಪಟ ಮಾಡುತ್ತ, ಸಾಂಟಾ ಮೋನಿಕಾ ಕಡಲತೀರದಲ್ಲಿ ಹಾರಿಸುತ್ತ ಇದ್ದರು. ಡಿಸ್ನಿ ಸಂಸ್ಥೆ ಅವರಿಗೆ 'ಡಿಸ್ನಿ ಲೆಜೆಂಡ್' ಎಂಬ ಗೌರವ ಕೊಟ್ಟದ್ದು 2001ರಲ್ಲಿ. ಬಾಂಬಿ ಬಂದು ಆಗ ಅರವತ್ತು ವರ್ಷವಾಗುತ್ತ ಬಂದಿತ್ತು. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಾಲ್ಟ್ ಡಿಸ್ನಿ ಫ್ಯಾಮಿಲಿ ಮ್ಯೂಸಿಯಂ ಅವರ ಜೀವಮಾನದ ಕೆಲಸದ ಪ್ರದರ್ಶನ ಮಾಡಿತು. 2015ರಲ್ಲಿ ಪಮೆಲಾ ಟಾಮ್ 'ಟೈರಸ್' ಎಂಬ ಸಾಕ್ಷ್ಯಚಿತ್ರ ತೆಗೆದರು. ಬಹಳ ಜನಕ್ಕೆ ಅವರ ಹೆಸರು ಗೊತ್ತಾದದ್ದು ಅದರಿಂದ. ಮರುವರ್ಷ ಡಿಸೆಂಬರ್ 30ರಂದು, 106ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಇನ್ನೊಂದು ಮಾತು. ಬಾಂಬಿಯಲ್ಲಿ ಕೆಲಸ ಮಾಡಿದವರಲ್ಲಿ ಕ್ಲೇರ್ ವೀಕ್ಸ್ ಎಂಬ ಆನಿಮೇಟರ್ ಇದ್ದರು. ಅವರದು ತಿರುಗುಮುರುಗಾದ ವಲಸೆ. ಪಾದ್ರಿ ದಂಪತಿಗಳ ಮಗನಾಗಿ ಭಾರತದಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ ಡಿಸ್ನಿ ಸೇರಿದವರು. 1956ರಲ್ಲಿ ಅವರು ಮುಂಬಯಿಯ ಫಿಲ್ಮ್ಸ್ ಡಿವಿಷನ್‌ಗೆ ಬಂದು ಅಲ್ಲಿನ ಕಾರ್ಟೂನ್ ಘಟಕದವರಿಗೆ ಈ ವಿದ್ಯೆ ಕಲಿಸಿದರು. ಕಲಿತವರಲ್ಲಿ ರಸಾಯನಶಾಸ್ತ್ರದ ಪದವಿ ಪಡೆದು ಚಿತ್ರದ ಕಡೆ ಬಂದಿದ್ದ ರಾಮಮೋಹನ್ ಒಬ್ಬರು. ಮುಂದೆ ಭಾರತದ ಆನಿಮೇಷನ್ನಿನ ಹಿರಿಯರೆನಿಸಿಕೊಂಡು, ಜಪಾನಿನ ಯುಗೊ ಸಾಕೊ ಜೊತೆ ರಾಮಾಯಣದ ಚಿತ್ರ ಮಾಡಿದವರು ಅವರೇ. ಆ ಘಟಕದ 1957ರ ಚಿತ್ರ 'ದಿ ಬನಿಯನ್ ಡೀರ್', ಜಾತಕದ ಕಥೆ. ಅದರಲ್ಲೂ ಜಿಂಕೆಯೇ ನಾಯಕ. ಇವತ್ತು ಬೆಂಗಳೂರಿನ ಸ್ಟುಡಿಯೋಗಳಲ್ಲಿ ಹೊರದೇಶದ ಚಿತ್ರಗಳಿಗೆ ದುಡಿಯುವ ನಮ್ಮ ಹುಡುಗ ಹುಡುಗಿಯರಿದ್ದಾರೆ. ಗಾಜಿನ ಮೇಜಿನ ಬದಲು ಕಂಪ್ಯೂಟರ್ ಪರದೆ ಬಂದಿದೆ, ನಡುವಿನ ಚಿತ್ರಗಳನ್ನು ಎಷ್ಟೋ ಸಲ ಯಂತ್ರವೇ ತುಂಬುತ್ತದೆ. ಕಾಡು ಎಷ್ಟು ಬರೆಯಬೇಕು, ಎಷ್ಟು ಬಿಡಬೇಕು ಎಂಬ ಜಗಳ ಮಾತ್ರ ಅಲ್ಲೂ ಇದ್ದೇ ಇದೆಯಂತೆ.